500 ಡಾಲರ್‌ನೊಳಗೆ ಪೆಲೆಟ್ ಗ್ರಿಲ್: ಕೊಂಡವರು ದಯವಿಟ್ಟು ಅನುಭವ ತಿಳಿಸಿ

ಕೊಲಂಬಸ್‌ನಿಂದ (ಕೇಳಿದವರು):

ಆರು ವರ್ಷ ದುಡಿದ ನಮ್ಮ ಗ್ಯಾಸ್ ಗ್ರಿಲ್‌ನ ಬರ್ನರುಗಳು ಈ ಚಳಿಗಾಲದಲ್ಲಿ ತುಕ್ಕು ಹಿಡಿದು ಉದುರಿದವು. ಅದರ ಜಾಗಕ್ಕೆ ಪೆಲೆಟ್ ಗ್ರಿಲ್, ಅಂದರೆ ಒತ್ತಿದ ಮರದ ಪುಡಿಯ ಗುಳಿಗೆಗಳನ್ನು ಉರಿಸಿ ಬೇಯಿಸುವ ಕರೆಂಟಿನ ಗ್ರಿಲ್, ತರಬೇಕೆಂದಿದ್ದೇನೆ. ಗ್ರಿಲ್, ಹೊದಿಕೆ, ಮೊದಲ ಎರಡು ಚೀಲ ಪೆಲೆಟ್ ಎಲ್ಲವೂ ಸೇರಿ 500 ಡಾಲರ್ ದಾಟುವಂತಿಲ್ಲ. ಮೇ ತಿಂಗಳಲ್ಲಿ ಅಮ್ಮ ಮೈಸೂರಿನಿಂದ ಬರುವವರಿದ್ದಾರೆ, ಕೈಯಲ್ಲಿದ್ದ ಹಣ ಟಿಕೆಟ್ಟಿಗೆ ಹೋಗಿದೆ. ಮನೆಯಲ್ಲಿ ನಾಲ್ವರು, ಹೆಂಡತಿ ಮತ್ತು ಅಮ್ಮ ಸಸ್ಯಾಹಾರಿಗಳು. ಟೌನ್‌ಹೌಸಿನ ಹಿತ್ತಲಿನಲ್ಲಿ ಹತ್ತು ಅಡಿ ಅಗಲದ ಕಾಂಕ್ರೀಟ್ ನೆಲವೂ ಗೋಡೆಯಲ್ಲಿ ಒಂದೇ ಒಂದು ಜಿಎಫ್‌ಸಿಐ (ವಿದ್ಯುತ್ತು ಸೋರಿದರೆ ತಾನೇ ಕಡಿದುಬಿಡುವ) ಪ್ಲಗ್ಗೂ ಇವೆ. ನನ್ನ ಪ್ರಶ್ನೆಗಳು ಎರಡೇ. ಈ ಬೆಲೆಯಲ್ಲಿ ಪಿಐಡಿ ಕಂಟ್ರೋಲರ್ (ತಾಪವನ್ನು ಅಳೆಯುತ್ತಾ ಹಿಡಿತದಲ್ಲಿಡುವ ಸಾಧನ) ಇರುವುದನ್ನೇ ಹುಡುಕಬೇಕೆ, ಇಲ್ಲವೆ ಹಳೆಯ ಬಗೆಯದಾದರೂ ನಡೆಯುತ್ತದೆಯೆ? ಹೊತ್ತಿಸುವಾಗ ಆ ಬಗೆಯ ಪ್ಲಗ್ ಟ್ರಿಪ್ ಆಗುತ್ತದೆಂದು ಕೇಳಿದ್ದೇನೆ, ಅದು ನಿಜವೆ?

ಡಲ್ಲಾಸ್‌ನಿಂದ:

ನಾನು ಎರಡು ವರ್ಷದ ಹಿಂದೆ ಥ್ಯಾಂಕ್ಸ್‌ಗಿವಿಂಗ್ ಮಾರಾಟದಲ್ಲಿ ಅತಿ ಅಗ್ಗದ್ದನ್ನೇ ತಂದವನು, ಇಂದಿಗೂ ಅದರ ಬಗ್ಗೆ ನನಗೆ ಪಶ್ಚಾತ್ತಾಪವಿಲ್ಲ. ಆದರೆ ಮೊದಲ ವರ್ಷದ ಲೆಕ್ಕವನ್ನು ಬರೆದಿಟ್ಟಿದ್ದೇನೆ, ಕೇಳಿ. ಗ್ರಿಲ್ ತೆರಿಗೆ ಸೇರಿ 376 ಡಾಲರ್, ಹೊದಿಕೆ 43, ಎರಡು ಸಲಾಕೆಯ ತಾಪಮಾಪಕ 52, ಇಪ್ಪತ್ತು ಪೌಂಡಿನ ಪೆಲೆಟ್ ಚೀಲ ಒಂದಕ್ಕೆ 17ರಂತೆ ಒಂಬತ್ತು ಚೀಲಕ್ಕೆ 153, ಪೆಲೆಟ್ ಹೊತ್ತಿಸುವ, ಸುಟ್ಟುಹೋದ ಇಗ್ನೈಟರ್ ಕಡ್ಡಿಯ ಬದಲಿಗೆ 19, ಕೊಬ್ಬು ಸುರಿಯುವ ಬಕೆಟ್ಟಿನ ಫಾಯಿಲ್ ಒಳಪದರಗಳಿಗೆ 14. ಒಟ್ಟು 657. ಮೂಗಿಗಿಂತ ಮೂಗುತಿ ಭಾರ ಎನ್ನುವ ಹಂತಕ್ಕೆ ಇನ್ನೂ ಹೋಗಿಲ್ಲವಾದರೂ ದಾರಿ ಅದೇ.

ಕಂಟ್ರೋಲರ್ ಯಾವುದು ಎಂಬುದಕ್ಕಿಂತ ಪೆಲೆಟ್ ಒಣಗಿದೆಯೇ ಎಂಬುದು ಮುಖ್ಯ. ಏಪ್ರಿಲ್‌ನ ಒಂದು ಆಲಿಕಲ್ಲಿನ ಮಳೆಯಲ್ಲಿ ಪೆಲೆಟ್ ತುಂಬುವ ಪೆಟ್ಟಿಗೆಯಾದ ಹಾಪರ್‌ನ ಮುಚ್ಚಳದ ಸಂದಿನಿಂದ ನೀರು ಇಳಿದು, ಪೆಲೆಟ್ಟುಗಳು ಊದಿ ಮರದ ಪುಡಿಯಾಗಿ, ಪೆಲೆಟ್ಟನ್ನು ಬೆಂಕಿಗೆ ದೂಡುವ ಆಗರ್ ಎಂಬ ತಿರುಪಿನ ಸಲಾಕೆಯ ಸುತ್ತ ಸಿಮೆಂಟಿನಂತೆ ಗಟ್ಟಿಯಾದವು. ಪೈಪ್ ರೆಂಚಿನಿಂದ ಆಗರ್ ಅನ್ನು ಹಿಂದಕ್ಕೂ ಮುಂದಕ್ಕೂ ತಿರುಗಿಸಿ, ಉದ್ದನೆಯ ಸ್ಕ್ರೂಡ್ರೈವರ್‌ನಿಂದ ಕೆರೆದು ತೆಗೆಯಲು ಒಂದು ಶನಿವಾರ ಪೂರ್ತಿ ಹೋಯಿತು. ಅಂದಿನಿಂದ ಪೆಲೆಟ್ಟುಗಳನ್ನು ಅಕ್ಕಿ ಡಬ್ಬದಂತೆ ಬಿಗಿ ಮುಚ್ಚಳದ ಬಕೆಟ್ಟಿನಲ್ಲಿ ಗ್ಯಾರೇಜಿನೊಳಗೆ ಇಡುತ್ತೇನೆ. ಅಡುಗೆ ಮುಗಿದ ಮೇಲೆ ಹಾಪರ್ ಖಾಲಿ ಮಾಡುತ್ತೇನೆ.

ಇನ್ನೊಂದು ಸಂಗತಿ. ಹದಿಮೂರು ಪೌಂಡಿನ ಬ್ರಿಸ್ಕೆಟ್ (ದನದ ಎದೆಯ ಮಾಂಸ) ಅನ್ನು ರಾತ್ರಿ ಹತ್ತಕ್ಕೆ 225 ಡಿಗ್ರಿ ಫ್ಯಾರನ್‌ಹೀಟ್‌ಗೆ ಇಟ್ಟು ಮಲಗಿದ್ದೆ. ಬೆಳಗಿನ ಜಾವ ಮೂರು ಗಂಟೆ ಹತ್ತು ನಿಮಿಷಕ್ಕೆ ಎದ್ದು ನೋಡಿದರೆ ಗ್ರಿಲ್‌ನ ತಾಪ 140. ಲುಂಗಿಯಲ್ಲಿ ಟಾರ್ಚ್ ಹಿಡಿದು ಹಾಪರ್ ತೆರೆದೆ. ಸುತ್ತಲೂ ಪೆಲೆಟ್ ರಾಶಿ ಹಾಗೇ ನಿಂತಿತ್ತು, ನಡುವೆ ಮಾತ್ರ ಬಾವಿಯಂತೆ ಗುಂಡಿ ಬಿದ್ದು ಆಗರ್‌ನ ಬಾಯಿ ಬರಿದಾಗಿತ್ತು. ಪುಡಿ ಹೆಚ್ಚಿರುವ ಅಗ್ಗದ ಚೀಲ ತಂದದ್ದರ ಫಲ ಅದು.

ಮಿನಿಯಾಪೊಲಿಸ್‌ನಿಂದ:

657 ಡಾಲರ್ ಸುರಿದು ಅಗ್ಗದ್ದನ್ನು ಕೊಂಡೆನೆಂದು ಹೇಳುವ ಧೈರ್ಯವನ್ನು ಮೆಚ್ಚಬೇಕು. ನನ್ನ ಮೊದಲ ಗ್ರಿಲ್ ಕೂಡ 400 ಡಾಲರ್‌ನ ಒಳಗಿನದೇ. ಅದರ ಉಕ್ಕು ಎಷ್ಟು ತೆಳುವೆಂದರೆ, ಮುಚ್ಚಳವನ್ನು ಬೆರಳಿನಿಂದ ತಟ್ಟಿದರೆ ಎಣ್ಣೆಯ ಡಬ್ಬದ ಸದ್ದು ಬರುತ್ತಿತ್ತು. ಬೇಸಿಗೆಯಲ್ಲಿ 225 ಡಿಗ್ರಿಯಲ್ಲಿ ಗಂಟೆಗೆ ಒಂದು ಪೌಂಡಿನಷ್ಟು ಪೆಲೆಟ್ ಉರಿಸುತ್ತಿದ್ದದ್ದು, ಶೂನ್ಯ ಫ್ಯಾರನ್‌ಹೀಟ್‌ನ ಜನವರಿಯಲ್ಲಿ ಗಂಟೆಗೆ ಎರಡು ಪೌಂಡನ್ನು ಮೀರಿತು. ಹಂದಿಯ ಭುಜದ ತುಂಡೊಂದು ಬೇಯುವಷ್ಟರಲ್ಲಿ 28 ಪೌಂಡ್ ಖರ್ಚಾಯಿತು, ಅಂದರೆ ಮಾಂಸಕ್ಕಿಂತ ಸೌದೆಗೇ ಹೆಚ್ಚು ಕೊಟ್ಟೆ. ನಿರೋಧಕ ಕಂಬಳಿ ಹೊದಿಸಿದ ಮೇಲೆ ಸ್ವಲ್ಪ ಇಳಿಯಿತು, ಆ ಕಂಬಳಿಗೆ ಬೇರೆ 90 ಡಾಲರ್.

ಕಂಟ್ರೋಲರ್ ಕೆಟ್ಟದ್ದು ಹದಿಮೂರನೆಯ ತಿಂಗಳಲ್ಲಿ. ವಾರಂಟಿ ಇದ್ದದ್ದು ಹನ್ನೆರಡು ತಿಂಗಳು. ಕಂಪನಿಯ ಹೆಸರು ಬೇಡ. ಅವರಿಗೆ ನಾಲ್ಕು ಇಮೇಲ್ ಬರೆದೆ, ನಾಲ್ಕಕ್ಕೂ ಬಂದ ಉತ್ತರ ಒಂದೇ: ರಸೀದಿಯ ಫೋಟೋ ಕಳುಹಿಸಿ. ಕೊನೆಗೆ 129 ಡಾಲರ್ ಕೊಟ್ಟು ಬದಲಿಯನ್ನು ಕೊಂಡೆ, ಅದೂ ಎರಡನೆಯ ಚಳಿಗಾಲದಲ್ಲಿ ಕೈಕೊಟ್ಟಿತು. ಆಗ ಆ ಪೆಟ್ಟಿಗೆಯನ್ನು ಕಸಕ್ಕೆ ಹಾಕಿ, 1,050 ಡಾಲರ್ ಕೊಟ್ಟು ಎರಡು ಪದರದ ಗೋಡೆಯದನ್ನು ತಂದೆ. ಕೇಳಿದವರಿಗೆ ನನ್ನ ಸಲಹೆ ಇಷ್ಟೆ: ಈ ವರ್ಷ ಕೊಳ್ಳಬೇಡಿ, ಕೂಡಿಡಿ.

ರಾಲಿಯಿಂದ:

ಪೆಲೆಟ್ ಗ್ರಿಲ್ ಎಂದರೆ ಅಂಗಳದಲ್ಲಿಟ್ಟ ಕರೆಂಟಿನ ಒಲೆ, ಇದನ್ನು ಯಾರಾದರೂ ಹೇಳಲೇಬೇಕಾಗಿತ್ತು. ಮೋಟರ್, ಫ್ಯಾನ್, ಇಗ್ನೈಟರ್, ಸರ್ಕ್ಯೂಟ್ ಬೋರ್ಡ್, ನಾಲ್ಕರಲ್ಲಿ ಯಾವುದೊಂದು ನಿಂತರೂ ಊಟ ನಿಂತಿತು. ನಾನು 22 ಇಂಚಿನ ವೆಬರ್ ಕೆಟಲ್ ಎಂಬ ದುಂಡನೆಯ ಇದ್ದಿಲ ಗ್ರಿಲ್ ಅನ್ನು ನೆರೆಯವರು ಮನೆ ಬದಲಿಸುವಾಗ 60 ಡಾಲರ್‌ಗೆ ಕೊಂಡೆ. 1952ರಲ್ಲಿ ಷಿಕಾಗೋದ ಒಂದು ಲೋಹದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಜಾರ್ಜ್ ಸ್ಟೀಫನ್, ನೀರಿನಲ್ಲಿ ತೇಲಿಬಿಡುವ ಬೋಯ್ ಎಂಬ ಲೋಹದ ಗೋಳವನ್ನು ಅರ್ಧಕ್ಕೆ ಕತ್ತರಿಸಿ ಮಾಡಿದ ರಚನೆ ಅದು. ಇವತ್ತಿಗೂ ಅದರಲ್ಲಿ ಕೆಡುವಂಥದ್ದೇನೂ ಇಲ್ಲ. ಇದ್ದಿಲ ಬಿಲ್ಲೆಗಳನ್ನು ಅಂಚಿನ ಸುತ್ತ ಎರಡರ ಮೇಲೆ ಎರಡರಂತೆ ಹಾವಿನ ಹಾಗೆ ಜೋಡಿಸಿ, ಒಂದು ತುದಿಗೆ ಕಿಡಿ ಕೊಟ್ಟರೆ, ಎಂಟು ಗಂಟೆ 250 ಡಿಗ್ರಿಯ ಆಸುಪಾಸಿನಲ್ಲಿ ತಾನಾಗಿಯೇ ಉರಿಯುತ್ತದೆ. ನಮ್ಮ ನಾರ್ತ್ ಕರೊಲಿನಾದ ಪೂರ್ವ ಭಾಗದಲ್ಲಿ ಇಡೀ ಹಂದಿಯನ್ನು ರಾತ್ರಿಯಿಡೀ ಕೆಂಡದ ಮೇಲೆ ಬೇಯಿಸಿ ವಿನೆಗರ್ ಸಾಸಿನಲ್ಲಿ ಕಲಸುವವರ ಬಳಿ ಹೋಗಿ ಪೆಲೆಟ್ ಎಂದು ಹೇಳಿ ನೋಡಿ, ಮುಖ ನೋಡುತ್ತಾರೆ.

ಡಲ್ಲಾಸ್‌ನಿಂದ:

ರಾಲಿಯವರೇ, ಎರಡು ಪುಟ್ಟ ಮಕ್ಕಳಿರುವ ಮನೆಯಲ್ಲಿ ಭಾನುವಾರ ಎಂಟು ಗಂಟೆ ಗಾಳಿಕಿಂಡಿ ತಿರುಗಿಸುತ್ತಾ ಕೂರುವವರು ಯಾರು? ಕೇಳಿದ್ದು ಪೆಲೆಟ್ ಗ್ರಿಲ್ ಬಗ್ಗೆ. ಇನ್ನು ಮಿನಿಯಾಪೊಲಿಸ್‌ನವರು ತಮ್ಮ 1,050 ಡಾಲರ್‌ನ ಹಿಂದೆ ಮೊದಲ ಗ್ರಿಲ್‌ನ 400, ಕಂಬಳಿಯ 90, ಕಂಟ್ರೋಲರ್‌ನ 129 ನಿಂತಿವೆ ಎಂಬುದನ್ನು ಕೂಡಿಸಿ ನೋಡಲಿ. ನನ್ನ 657ರಲ್ಲಿ 153 ಉರಿದುಹೋದ ಸೌದೆಯದು. ಅದನ್ನು ನಾನು ಕೊಬ್ಬಿನ ಬಕೆಟ್ಟಿನವರೆಗೂ ಪ್ರಾಮಾಣಿಕವಾಗಿ ಬರೆದೆ. ತಾವು ತಮ್ಮ ಪೆಲೆಟ್ಟಿನ ಖರ್ಚು ಹೇಳಲೇ ಇಲ್ಲ.

ಮಿನಿಯಾಪೊಲಿಸ್‌ನಿಂದ:

ಡಲ್ಲಾಸ್‌ನಲ್ಲಿ ಕೂತು ಮಿನೆಸೋಟದ ಚಳಿಗೆ ಲೆಕ್ಕ ಹೇಳಬೇಡಿ. ಕೇಳಿದವರಿರುವ ಓಹಾಯೋದಲ್ಲೂ ಹಿಮ ಬೀಳುತ್ತದೆ.

ಎಡಿಸನ್‌ನಿಂದ:

ನಿಮ್ಮ ಜಗಳದಲ್ಲಿ ಕೇಳಿದವರ ಮನೆಯಲ್ಲಿ ಇಬ್ಬರು ಸಸ್ಯಾಹಾರಿಗಳಿದ್ದಾರೆಂಬುದನ್ನು ಯಾರೂ ಓದಿದಂತಿಲ್ಲ. ನಮ್ಮಲ್ಲೂ ಹಾಗೆಯೇ. ನಾನು ಮಾಂಸ ಮುಟ್ಟುವವಳಲ್ಲ, ಯಜಮಾನರಿಗೂ ಮಗನಿಗೂ ಅದಿಲ್ಲದೆ ಆಗದು. ಒಂದೇ ಗ್ರಿಲ್‌ನಲ್ಲಿ ಫಾಯಿಲ್ ಹಾಸಿ ಪನೀರ್ ಇಡೋಣವೆಂದು ಮೊದಲು ಒಪ್ಪಿಕೊಂಡಿದ್ದೆ. ಯುಗಾದಿಯ ಮರುದಿನ ಇಪ್ಪತ್ತೆರಡು ಜನರನ್ನು ಕರೆದಿದ್ದೆವು. ಮಗ ಮೂವತ್ತು ಕೋಳಿ ತೊಡೆಗಳನ್ನು 450 ಡಿಗ್ರಿಯಲ್ಲಿ ಸುಟ್ಟು ಮುಗಿಸಿದ ಮೇಲೆ ನಾನು ಬದನೆಕಾಯಿ ಇಟ್ಟೆ, ಗೊಜ್ಜಿಗೆಂದು. ಹತ್ತು ನಿಮಿಷದಲ್ಲಿ ಹೊಗೆಗೊಳವೆಯಿಂದ ಹಳದಿ ಹೊಗೆ ಬಂತು. ಕೆಳಗಿನ ಕೊಬ್ಬಿನ ತಟ್ಟೆಯನ್ನು ಹಿಂದಿನ ಬೇಸಿಗೆಯಿಡೀ ಯಾರೂ ಕೆರೆದಿರಲಿಲ್ಲ, ಅದಕ್ಕೇ ಬೆಂಕಿ ಹತ್ತಿತ್ತು. ಯಜಮಾನರು ನೀರಿನ ಬಿಂದಿಗೆ ಹಿಡಿದು ಓಡಿಬಂದರು. ನಾನು ಕೂಗಿ ತಡೆದು, ಮುಚ್ಚಳ ತೆರೆಯಗೊಡದೆ ಪ್ಲಗ್ ಕಿತ್ತು ಹಾಕಿದೆ. ಉರಿ ತಾನೇ ತಣ್ಣಗಾಗಲು ಇಪ್ಪತ್ತು ನಿಮಿಷ ಹಿಡಿಯಿತು. ಮುಚ್ಚಳದ ಬಣ್ಣ ಸುಲಿದುಹೋಯಿತು, ಬದನೆಕಾಯಿ ಇದ್ದಿಲಾಯಿತು. ಅತ್ತೆಯವರು ಆ ದಿನ ಮೊಸರನ್ನ ಉಂಡರು.

ಆಮೇಲೆ ನನಗೆಂದೇ ಬೇರೆ ಚಿಕ್ಕ ಪೆಲೆಟ್ ಗ್ರಿಲ್ ತಂದೆವು, ಯಾರೋ ಒಂದೇ ಬೇಸಿಗೆ ಬಳಸಿದ್ದು, 180 ಡಾಲರ್. ಸೇಬಿನ ಮರದ ಪೆಲೆಟ್ಟಿನಲ್ಲಿ ಜೋಳದ ತೆನೆ, ಬದನೆ, ದೊಣ್ಣೆಮೆಣಸಿನಕಾಯಿ ಎಷ್ಟು ಚೆನ್ನಾಗಿ ಆಗುತ್ತವೆಂದು ಬರೆದು ಹೇಳಲಾಗದು.

ಡಲ್ಲಾಸ್‌ನಿಂದ:

ಅಮ್ಮಾ, ತಪ್ಪು ತಿಳಿಯಬೇಡಿ, ಅಡಿ ಕೆರೆಯದಿದ್ದರೆ ಸಸ್ಯಾಹಾರದ ಗ್ರಿಲ್‌ಗೂ ಬೆಂಕಿ ಹತ್ತುತ್ತದೆ. ಜಾಲರಿಯನ್ನು ಬೇರೆ ಇಟ್ಟುಕೊಂಡು ಫಾಯಿಲ್ ಹಾಸಿದರೆ ಎರಡನೆಯದು ಬೇಕಾಗಿರಲಿಲ್ಲ.

ಎಡಿಸನ್‌ನಿಂದ:

ಒಳಗೆ ಫ್ಯಾನ್ ತಿರುಗುತ್ತಿರುತ್ತದೆ, ಒಂದೇ ಗಾಳಿ, ಒಂದೇ ಹೊಗೆ ಎಲ್ಲವನ್ನೂ ಸುತ್ತುತ್ತದೆ. ಫಾಯಿಲ್ ಸಾಕೇ ಬೇಡವೇ ಎಂಬುದನ್ನು ತಿನ್ನುವವರು ಹೇಳಲಿ, ಮಾಂಸ ಬೇಯಿಸುವವರಲ್ಲ. ನಾನು ನಿಮ್ಮ ಅಮ್ಮನಲ್ಲ, ನನಗೆ ನಲವತ್ತೊಂದು ವರ್ಷ.

ರಾಲಿಯಿಂದ:

ಕೆಟಲ್ ಆಗಿದ್ದರೆ ಗಾಳಿಕಿಂಡಿ ಎರಡೂ ಮುಚ್ಚಿದೊಡನೆ ಬೆಂಕಿ ಸತ್ತಿರುತ್ತಿತ್ತು. ಇಲ್ಲಿಗೆ ನಿಲ್ಲಿಸುತ್ತೇನೆ.

ಕೊಲಂಬಸ್‌ನಿಂದ:

ಎಲ್ಲರಿಗೂ ವಂದನೆಗಳು. ಎತ್ತು ಏರಿಗೆ, ಕೋಣ ನೀರಿಗೆ ಎಂಬಂತಾಗಿದೆ. ಕಂಟ್ರೋಲರ್ ಮತ್ತು ಪ್ಲಗ್ ಬಗ್ಗೆ ಯಾರಾದರೂ ಹೇಳುವಿರಾ? ಇಲ್ಲೇ ಹತ್ತಿರದಲ್ಲಿ ಒಬ್ಬರು ನಾಲ್ಕು ವರ್ಷ ಹಳೆಯದೊಂದನ್ನು 160 ಡಾಲರ್‌ಗೆ ಕೊಡುತ್ತೇವೆಂದಿದ್ದಾರೆ, ಹಳೆಯ ಬಗೆಯ ಕಂಟ್ರೋಲರ್‌ನದು.

ಪೋರ್ಟ್‌ಲೆಂಡ್‌ನಿಂದ:

ಕೊನೆಗೂ ಒಂದು ನೇರ ಪ್ರಶ್ನೆ. ಈ ಯಂತ್ರ ಹುಟ್ಟಿದ್ದು ನಾನಿರುವ ಆರೆಗಾನ್‌ನಲ್ಲಿಯೇ, ಮೌಂಟ್ ಏಂಜೆಲ್ ಎಂಬ ಊರಿನಲ್ಲಿ. ಇದನ್ನು ರೂಪಿಸಿದ ಜೋ ಟ್ರೇಗರ್ ಅವರ ಪೇಟೆಂಟ್ 2006ರಲ್ಲಿ ಮುಗಿಯುವವರೆಗೂ ಬೇರೆಯವರಿಗೆ ಇದನ್ನು ಮಾಡುವ ಹಾದಿ ಮುಚ್ಚಿತ್ತು. ಇಂದು 400 ಡಾಲರ್‌ಗೆ ನಿಮಗೆ ಆಯ್ಕೆಗಳಿರುವುದು ಅದು ಮುಗಿದದ್ದರಿಂದ. ನಾನು ನೆರೆಹೊರೆಯವರ ಗ್ರಿಲ್‌ಗಳನ್ನು ಬಿಚ್ಚಿ ಜೋಡಿಸುತ್ತಾ ಹತ್ತು ವರ್ಷವಾಯಿತು.

ಹಳೆಯ ಕಂಟ್ರೋಲರ್‌ಗೆ ಗೊತ್ತಿರುವುದು ಗಡಿಯಾರ ಮಾತ್ರ. ಕಡಿಮೆ ತಾಪದಲ್ಲಿ ಆಗರ್ ಅನ್ನು ಹದಿನೈದು ಸೆಕೆಂಡ್ ತಿರುಗಿಸಿ, ನಿಮಿಷದಷ್ಟು ನಿಲ್ಲಿಸಿ, ಮತ್ತೆ ತಿರುಗಿಸುತ್ತದೆ. ಹೀಗಾಗಿ ತಾಪ ಇಪ್ಪತ್ತೈದು ಡಿಗ್ರಿ ಮೇಲೆ ಕೆಳಗೆ ಓಲಾಡುತ್ತದೆ. ಪಿಐಡಿ ತಾಪವನ್ನು ಎಡೆಬಿಡದೆ ಅಳೆದು ಪೆಲೆಟ್ಟನ್ನೂ ಗಾಳಿಯನ್ನೂ ತಿದ್ದುವುದರಿಂದ ಓಲಾಟ ಕೆಲವೇ ಡಿಗ್ರಿಗೆ ಇಳಿಯುತ್ತದೆ. ದೊಡ್ಡ ಮಾಂಸದ ತುಂಡಿಗೆ ಈ ಓಲಾಟದಿಂದ ಹಾನಿಯಿಲ್ಲ. 150ರಿಂದ 170 ಡಿಗ್ರಿಯ ನಡುವೆ ಮಾಂಸ ಬೆವರಿ ತಣಿಯುತ್ತಾ ಗಂಟೆಗಟ್ಟಲೆ ನಿಂತುಬಿಡುವುದು ಯಾವ ಕಂಟ್ರೋಲರ್ ಇದ್ದರೂ ತಪ್ಪದು. ಬ್ರೆಡ್ಡು, ಕೇಕು ಮಾಡುವವರಿಗೆ, ಗಾಳಿ ಚಳಿಯ ಜಾಗದವರಿಗೆ ಪಿಐಡಿ ಲಾಭ. ಮೊದಲು ಹಳೆಯದನ್ನು ಬಳಸಿ. ಬೇಕಾದರೆ ಹಲವು ಮಾದರಿಗಳಿಗೆ ಪಿಐಡಿಯನ್ನು ಆಮೇಲೆ ಕೂರಿಸಬಹುದು.

ಪ್ಲಗ್ ಟ್ರಿಪ್ ಆದರೆ ಬಹುತೇಕ ಸಲ ಕಾರಣ ಇಗ್ನೈಟರ್. ಒದ್ದೆಯಾದ ಅಥವಾ ಬಿರುಕುಬಿಟ್ಟ ಕಡ್ಡಿಯಿಂದ ವಿದ್ಯುತ್ತು ಗ್ರಿಲ್‌ನ ಮೈಗೆ ಸೋರುತ್ತದೆ, ಜಿಎಫ್‌ಸಿಐ ತನ್ನ ಕೆಲಸ ಮಾಡುತ್ತದೆ. ಪ್ಲಗ್ ಕಿತ್ತು, ಇಗ್ನೈಟರ್‌ನ ಎರಡು ತಂತಿಗಳನ್ನು ಬಿಡಿಸಿ, ಮತ್ತೆ ಹಾಕಿ ನೋಡಿ. ಟ್ರಿಪ್ ಆಗದಿದ್ದರೆ ಕಳ್ಳ ಸಿಕ್ಕಿದ. ತೆಳು ಎಕ್ಸ್‌ಟೆನ್ಷನ್ ವೈರ್ ಬೇಡ.

ಹಳೆಯದನ್ನು ನೋಡಲು ಹೋದಾಗ ಜಾಲರಿ, ತಟ್ಟೆ ಎಲ್ಲ ಎತ್ತಿಸಿ, ಪೆಲೆಟ್ ಉರಿಯುವ ಬಟ್ಟಲಾದ ಫೈರ್‌ಪಾಟ್‌ನ ತಳ ನೋಡಿ. ಬೂದಿಯ ಕೆಳಗೆ ತುಕ್ಕು ತಿಂದು ತೂತಾಗಿದ್ದರೆ ಬೆಲೆ ಇಳಿಸಿ. ಹಾಪರ್‌ನಲ್ಲಿರುವ ಪೆಲೆಟ್ ಒಂದನ್ನು ಬೆರಳಲ್ಲಿ ಮುರಿಯಿರಿ. ಚಟ್ಟೆಂದು ಮುರಿದು ಮುರಿದ ಜಾಗ ಹೊಳೆದರೆ ಸರಿ, ಸದ್ದಿಲ್ಲದೆ ಪುಡಿಯಾದರೆ ಆಗರ್ ಕೊಳವೆಯನ್ನೂ ಅನುಮಾನಿಸಿ. ಮನೆ ಕಾಯಿಸುವ ಸ್ಟವ್‌ನ ಪೆಲೆಟ್ ಅಗ್ಗವೆಂದು ತರಬೇಡಿ, ಅದರಲ್ಲಿ ಪೈನ್ ಮರವೂ ಸೇರಿರುತ್ತದೆ, ಅದು ಅಡುಗೆಗಲ್ಲ.

ಮಿನಿಯಾಪೊಲಿಸ್‌ನಿಂದ:

ನಾಲ್ಕು ವರ್ಷ ಹಳೆಯದಕ್ಕೆ ವಾರಂಟಿ ಎಲ್ಲಿಂದ ಬರಬೇಕು?

ಪೋರ್ಟ್‌ಲೆಂಡ್‌ನಿಂದ:

ನಿಮ್ಮ ಹೊಸದಕ್ಕೆ ಇದ್ದ ವಾರಂಟಿ ನಿಮಗೆ ಎಷ್ಟು ಒದಗಿತು ಎಂದು ನೀವೇ ಬರೆದಿದ್ದೀರಿ.

ಕೊಲಂಬಸ್‌ನಿಂದ:

ನಿನ್ನೆ ಸಂಜೆ ಹೋಗಿ ನೋಡಿದೆ. ಫೈರ್‌ಪಾಟ್‌ನ ತಳದಲ್ಲಿ ಹೆಬ್ಬೆರಳು ತೂರುವಷ್ಟು ತೂತಿತ್ತು. ಹಾಪರ್‌ನ ಪೆಲೆಟ್ ಮುರಿದಾಗ ಸದ್ದೇ ಬರಲಿಲ್ಲ. ಎರಡನ್ನೂ ತೋರಿಸಿದೆ, ಅವರು 90 ಡಾಲರ್‌ಗೆ ಒಪ್ಪಿದರು. ಫೈರ್‌ಪಾಟ್ ಮತ್ತು ಇಗ್ನೈಟರ್ ಎರಡಕ್ಕೂ ಸೇರಿ 58 ಡಾಲರ್ ಕೊಟ್ಟು ತರಿಸಿದ್ದೇನೆ, ಗುರುವಾರ ಬರುತ್ತವೆ. ಉಳಿದ ಹಣದಲ್ಲಿ ಎಡಿಸನ್‌ನವರು ಹೇಳಿದ ಹಾಗೆ ಅಮ್ಮನಿಗಾಗಿ ಬೇರೆ ಚಿಕ್ಕದೊಂದು ಸಿಗುತ್ತದೆಯೋ ನೋಡುತ್ತಿದ್ದೇನೆ. ಆಗರ್ ಮಾತ್ರ ಇನ್ನೂ ತಿರುಗುತ್ತಿಲ್ಲ. ಡಲ್ಲಾಸ್‌ನವರೇ, ತಮ್ಮ ಆ ಪೈಪ್ ರೆಂಚ್ ಎಷ್ಟು ಇಂಚಿನದು?

ಡಲ್ಲಾಸ್‌ನಿಂದ:

ಹದಿನಾಲ್ಕು. ಮೊದಲು ಮೋಟರ್‌ಗೂ ಆಗರ್‌ಗೂ ನಡುವಿನ ಪಿನ್ ತೆಗೆಯುವುದನ್ನು ಮರೆಯಬೇಡಿ. ನಾನು ಮರೆತಿದ್ದೆ, ಮೋಟರ್‌ಗೆ 32 ಡಾಲರ್ ಆಯಿತು, ಅದನ್ನು ಮೇಲಿನ ಲೆಕ್ಕದಲ್ಲಿ ಸೇರಿಸಿಲ್ಲ.

ಮಿನಿಯಾಪೊಲಿಸ್‌ನಿಂದ:

689.