ಅಪ್‌ಡೇಟ್: ಪಕ್ಕದ ಪ್ಲಾಂಟ್ ಜೊತೆಗಿನ ವೋಲ್ಟೇಜ್ ಹಗ್ಗಜಗ್ಗಾಟ ನಿಂತಿತು

ಗದಗ ಕಡೆ ಒಂದೇ 220 ಕೆವಿ ಬಸ್‌ಗೆ (ಸಬ್‌ಸ್ಟೇಷನ್‌ನಲ್ಲಿ ಲೈನ್‌ಗಳು ಸೇರುವ ವಾಹಕ) ಸೇರುವ ಎರಡು ವಿಂಡ್ ಪ್ಲಾಂಟ್‌ಗಳಲ್ಲಿ ಪಕ್ಕದವರದ್ದು ರಿಯಾಕ್ಟಿವ್ ಪವರ್ (ತಳ್ಳಿದರೆ ವೋಲ್ಟೇಜ್ ಏರುತ್ತದೆ, ಎಳೆದರೆ ಇಳಿಯುತ್ತದೆ) ತಳ್ಳುತ್ತದೆ, ನಮ್ಮದು ಎಳೆದುಕೊಳ್ಳುತ್ತದೆ, ಯಾಕೆ ಅಂತ ಕೇಳಿದ್ದೆ ಅಲ್ವಾ?

ಕಾರಣ ಸಿಕ್ಕಿತು. ಎರಡೂ ಪ್ಲಾಂಟ್‌ಗಳ ವೋಲ್ಟೇಜ್ ಕಂಟ್ರೋಲರ್‌ಗಳಲ್ಲಿ ಡ್ರೂಪ್ ಸೊನ್ನೆ! ಡ್ರೂಪ್ ಅಂದರೆ ವೋಲ್ಟೇಜ್ ಗುರಿಯಿಂದ ಸರಿದಷ್ಟಕ್ಕೆ ತಕ್ಕಂತೆ ಮಾತ್ರ ರಿಯಾಕ್ಟಿವ್ ಪವರ್ ಬದಲಿಸುವ ಸಡಿಲಿಕೆ; ಅದು ಸೊನ್ನೆ ಆದರೆ ಗುರಿ ಮುಟ್ಟುವವರೆಗೆ ಬಿಡುವುದಿಲ್ಲ. ಸೆಟ್‌ಪಾಯಿಂಟ್ (ಗುರಿ ವೋಲ್ಟೇಜ್) ಎರಡಕ್ಕೂ 221 ಕೆವಿ. ಆದರೆ ಅದೇ ಬಸ್‌ಗೆ ನಮ್ಮ ಮೀಟರ್ 221.4 ತೋರಿಸಿದರೆ ಅವರದ್ದು 220.3 ತೋರಿಸುತ್ತಿತ್ತು. ನಮ್ಮದಕ್ಕೆ ಇಳಿಸುವ ಹಟ, ಅವರದ್ದಕ್ಕೆ ಏರಿಸುವ ಹಟ. ಎರಡೂ ಮಿತಿ ಮುಟ್ಟುವವರೆಗೆ ಜಗ್ಗುತ್ತಿದ್ದವು. ನಾನು ಸುಮ್ನೆ ರಿಯಾಕ್ಟಿವ್ ಪವರ್ ಕೊಡುವ ಕೆಪಾಸಿಟರ್ ಬ್ಯಾಂಕ್ ಮೇಲೆ ಅನುಮಾನ ಪಟ್ಟಿದ್ದೆ.

ಪಕ್ಕದ ಎಂಜಿನಿಯರ್ ಜೊತೆ ಕೂತು ಎರಡಕ್ಕೂ 4% ಡ್ರೂಪ್ ಹಾಕಿದೆವು, ಅಂದರೆ ವೋಲ್ಟೇಜ್ 4% ಸರಿದರೆ ಮಾತ್ರ ಪೂರ್ತಿ ರಿಯಾಕ್ಟಿವ್ ಸಾಮರ್ಥ್ಯ ಬಳಕೆ. ಈಗ ಮೀಟರಿನ ಅರ್ಧ ಪರ್ಸೆಂಟ್ ವ್ಯತ್ಯಾಸಕ್ಕೆ ಎರಡು ಪ್ಲಾಂಟ್‌ಗಳ ರಿಯಾಕ್ಟಿವ್ ಪವರ್ ನಡುವಿನ ಅಂತರ ಆ ಸಾಮರ್ಥ್ಯದ ಎಂಟನೇ ಒಂದು ಭಾಗ, ಅಷ್ಟೇ. ವೋಲ್ಟೇಜ್ ಸರಿಪಡಿಸಲು ಆಗುವ ಟ್ರಾನ್ಸ್‌ಫಾರ್ಮರ್ ಟ್ಯಾಪ್ ಬದಲಾವಣೆಯೂ ಕಡಿಮೆಯಾಗಿದೆ. ಮೀಟರ್ ಕ್ಯಾಲಿಬ್ರೇಷನ್ ಇನ್ನೂ ಬಾಕಿ.