ಫ್ಯಾಮಿಲಿ ಗುಂಪಲ್ಲಿ ಹೆನ್ರಿ ಫೋರ್ಡ್

ದೊಡ್ಡಪ್ಪ (ಫಾರ್ವರ್ಡ್): 8 ಗಂಟೆ ಕೆಲಸ ತಂದಿದ್ದು ಯಾವ ಯೂನಿಯನ್ನೂ ಅಲ್ಲ, ಹೆನ್ರಿ ಫೋರ್ಡ್ ಎಂಬ ಕಾರು ಕಂಪನಿ ಮಾಲೀಕ! ಯಾರೂ ಕೇಳದೇನೇ ಸಂಬಳ ಡಬಲ್ ಮಾಡಿದ ಪುಣ್ಯಾತ್ಮ. ಎಲ್ಲರಿಗೂ ಕಳಿಸಿ 🙏

ದೊಡ್ಡಪ್ಪ: ಸ್ಟ್ರೈಕು ಸ್ಟ್ರೈಕು ಅನ್ನೋರು ಓದ್ರಪ್ಪ

ಪುಟ್ಟಿ: ದೊಡ್ಡಪ್ಪ ಇದು ಅರ್ಧ ಸುಳ್ಳು. ಫೋರ್ಡ್ ಮಾಡಿದ್ದು 1914ರಲ್ಲಿ, 1886 ಮೇ 1ಕ್ಕೇ ಅಮೆರಿಕಾದಲ್ಲಿ ಲಕ್ಷಗಟ್ಟಲೆ ಜನ 8 ಗಂಟೆ ಬೇಕು ಅಂತ ಕೆಲಸ ಬಿಟ್ಟು ಬೀದಿಗೆ ಬಂದಿದ್ರು, ಷಿಕಾಗೋದಲ್ಲಿ 4ನೇ ತಾರೀಕು ಹೇಮಾರ್ಕೆಟ್ ಸಭೆಲಿ ಬಾಂಬ್ ಬಿತ್ತು, ಎಸೆದೋನು ಯಾರು ಅಂತ ಇವತ್ತಿಗೂ ಗೊತ್ತಿಲ್ಲ ಆದ್ರೂ 4 ಜನನ ನೇಣಿಗೆ ಹಾಕಿದ್ರು

ದೊಡ್ಡಪ್ಪ: ಪೊಲೀಸರು ಸತ್ತಿದ್ರಲ್ಲ, ನೇಣು ಹಾಕ್ದೆ ಹಾರ ಹಾಕ್ತಾರಾ

ಪುಟ್ಟಿ: 7 ಜನ ಪೊಲೀಸರು ಸತ್ರು ನಿಜ. ಆದ್ರೆ 1893ರಲ್ಲಿ ಅಲ್ಲಿನ ಗವರ್ನರ್ ಆಲ್ಟ್‌ಗೆಲ್ಡೇ ವಿಚಾರಣೆ ನ್ಯಾಯವಾಗಿ ನಡೆದಿಲ್ಲ ಅಂತ ಜೈಲಲ್ಲಿ ಉಳಿದಿದ್ದ 3 ಜನನ ಬಿಡಿಸಿದ

ದೊಡ್ಡಪ್ಪ: ಷಿಕಾಗೋ ಬಿಡು. ದಿನಕ್ಕೆ 5 ಡಾಲರ್ ಕೊಟ್ಟಿದ್ದೂ ಸುಳ್ಳಾ?

ರಘು ಭಾವ ಡೆಟ್ರಾಯ್ಟ್: ಅದು ನಿಜ ಮಾವ. ಫೋರ್ಡ್‌ನ ಆ ಹೈಲ್ಯಾಂಡ್ ಪಾರ್ಕ್ ಫ್ಯಾಕ್ಟರಿ ಕಟ್ಟಡ ಇಲ್ಲಿ ಸ್ವಲ್ಪ ಇನ್ನೂ ನಿಂತಿದೆ. 1913ರಲ್ಲಿ ಅಸೆಂಬ್ಲಿ ಲೈನ್ ಬಂದ್ಮೇಲೆ ದಿನವಿಡೀ ಒಂದೇ ಬೋಲ್ಟ್ ತಿರುಗಿಸಕ್ಕಾಗದೆ ಜನ ಬಿಟ್ಟು ಓಡ್ತಿದ್ರು, ಸುಮಾರು 14 ಸಾವಿರ ಜನ ಇರೋ ಕಡೆ ಆ ಒಂದೇ ವರ್ಷ 50 ಸಾವಿರಕ್ಕೂ ಜಾಸ್ತಿ ಜನನ ಸೇರಿಸ್ಕೊಂಡಿದ್ದಾರೆ, ಹಂಗಿರೋವಾಗ ಸಂಬಳ ಜಾಸ್ತಿ ಮಾಡೋದೇ ಅಗ್ಗ. ಅದ್ರಲ್ಲೂ ಹೆಚ್ಚುಕಮ್ಮಿ ಅರ್ಧ ಲಾಭದ ಪಾಲು ಅಂತ, ಅದು ಸಿಗ್ಬೇಕಂದ್ರೆ ಕಂಪನಿ ಇನ್ಸ್‌ಪೆಕ್ಟರ್ ಮನೆಗೇ ಬರೋನು, ಮನೆ ಕ್ಲೀನಾ, ಕುಡೀತಾನಾ, ದುಡ್ಡು ಉಳಿಸ್ತಾನಾ ಎಲ್ಲಾ ಬರ್ಕೊಳೋನು

ಅತ್ತಿಗೆ: ಹೆಣ್ಣು ನೋಡಕ್ಕೆ ಬಂದಂಗೆ 😂

ದೊಡ್ಡಪ್ಪ: ಕುಡಿಯೋನಿಗೆ ಯಾಕ್ ಕೊಡ್ಬೇಕು, ಸರಿಯಾಗೇ ಮಾಡಿದಾನೆ

ಪುಟ್ಟಿ: ಅದೇ ಫೋರ್ಡ್ 1941ರವರೆಗೂ ಯೂನಿಯನ್ ಒಪ್ಪಂದಕ್ಕೆ ಸಹಿ ಹಾಕ್ಲಿಲ್ಲ, 1937ರಲ್ಲಿ ಕರಪತ್ರ ಹಂಚಕ್ಕೆ ಬಂದೋರಿಗೆ ಕಂಪನಿ ಆಳುಗಳು ಫೋಟೋಗ್ರಾಫರ್‌ಗಳ ಎದುರೇ ಹೊಡೆದ್ರು. ವಾರದ ಕೆಲಸದ ಗಂಟೆಗೆ ಮಿತಿ ಹಾಕೋ ಕಾನೂನು ಅಮೆರಿಕಾಕ್ಕೆಲ್ಲ ಬಂದಿದ್ದು 1938ಕ್ಕೆ, ಅದ್ರ ಹಿಂದೆ ಬಿದ್ದು ಮಾಡ್ಸಿದ್ದು ಫ್ರಾನ್ಸಿಸ್ ಪರ್ಕಿನ್ಸ್ ಅನ್ನೋ ಕಾರ್ಮಿಕ ಮಂತ್ರಿ. ಆಯಮ್ಮ 1911ರಲ್ಲಿ ನ್ಯೂಯಾರ್ಕಲ್ಲಿ ಟ್ರಯಾಂಗಲ್ ಅಂತ ಬಟ್ಟೆ ಹೊಲಿಯೋ ಫ್ಯಾಕ್ಟರಿ ಉರಿಯೋದನ್ನ ಕಣ್ಣಾರೆ ನೋಡಿದ್ರು, 146 ಜನ ಹೋದ್ರು ಜಾಸ್ತಿ ಹುಡುಗೀರೇ, 9ನೇ ಮಹಡಿಲಿ ಒಂದು ಬಾಗಿಲಿಗೆ ಬೀಗ, ಯಾಕೆ ಅಂದ್ರೆ ಎಲ್ಲರೂ ಒಂದೇ ಕಡೆಯಿಂದ ಹೋಗ್ಬೇಕು ಬ್ಯಾಗ್ ಚೆಕ್ ಮಾಡಕ್ಕೆ

ಚಿಕ್ಕಮ್ಮ: ನಮ್ ಗಾರ್ಮೆಂಟ್ಸಲ್ಲೂ ಹಂಗೇ ಒಂದ್ ಬಾಗ್ಲು ತೆಗೆಯೋರು ಇನ್ನೊಂದಕ್ಕೆ ರಟ್ಟಿನ ಬಾಕ್ಸ್ ಅಡ್ಡ ಇಡೋರು ಸಾಯಂಕಾಲ ಟಿಫನ್ ಡಬ್ಬಿ ಮುಚ್ಚಳ ತೆಗ್ದು ತೋರಿಸ್ಬೇಕು ಡಬ್ಬಿಲಿ ಷರ್ಟ್ ಹಿಡಿಯುತ್ತಾ ಹನ್ನೊಂದ್ ವರ್ಷ ತೋರ್ಸಿದೀನಿ

ದೊಡ್ಡಪ್ಪ: ಇದನ್ನ ಯಾವತ್ತೂ ಹೇಳೇ ಇಲ್ವಲ್ಲಮ್ಮ ನೀನು

ಚಿಕ್ಕಮ್ಮ: ಹೇಳೋದೇನಿದೆ ಭಾವ ಎಲ್ರುದೂ ನೋಡೋರು

ದೊಡ್ಡಪ್ಪ: ಸರಿ. ಆದ್ರೂ ಡಬಲ್ ಮಾಡಿದ್ದು ಫೋರ್ಡೇ

ರಘು ಭಾವ ಡೆಟ್ರಾಯ್ಟ್: ಅವನೇ ಮಾವ. ಆ "ಯಾರೂ ಕೇಳದೇನೇ" ಅನ್ನೋದೊಂದು ತೆಗೆದುಬಿಡಿ

ದೊಡ್ಡಪ್ಪ: ತೆಗಿಯೋದ್ ಹೆಂಗೋ, ಆಗ್ಲೇ ಐದ್ ಗುಂಪಿಗೆ ಕಳ್ಸಿದೀನಿ