ಪದಚರ್ಚೆ: ಸುವಾರ್ತೆಗಳ ಕೋಷ್ಟಕಕ್ಕೆ ‘ಪಾಠಾಂತರ’ ಎಂಬ ತಲೆಬರಹ ಸಲ್ಲುವುದೇ?

ಮಾನ್ಯರೇ,

ಒಂದೇ ಘಟನೆಯನ್ನು ಬೈಬಲ್ಲಿನ ನಾಲ್ಕು ಸುವಾರ್ತೆಗಳು, ಎಂದರೆ ಮತ್ತಾಯ, ಮಾರ್ಕ, ಲೂಕ, ಯೋಹಾನರ ಹೆಸರಿನ ಯೇಸುವಿನ ಚರಿತ್ರೆಗಳು, ಹೇಳುವ ಬಗೆಯನ್ನು ಅಕ್ಕಪಕ್ಕದಲ್ಲಿಟ್ಟು ತೋರಿಸುವ ಕೋಷ್ಟಕಕ್ಕೆ ‘ಪಾಠಾಂತರಗಳು’ ಎಂಬ ತಲೆಬರಹ ಹಾಕಿ ನಾಳೆಯೇ ಅಚ್ಚಿಗೆ ಕಳುಹಿಸುವುದಾಗಿ ಬರೆದಿದ್ದೀರಿ. ದಯವಿಟ್ಟು ತಡೆಯಿರಿ. ಪಾಠಾಂತರವೆಂಬುದು ಒಂದೇ ಕೃತಿಯ ಹಸ್ತಪ್ರತಿಗಳ ನಡುವಣ ವ್ಯತ್ಯಾಸಕ್ಕೆ ಗ್ರಂಥಸಂಪಾದನೆಯಲ್ಲಿ ನೆಲೆನಿಂತ ಮಾತು. ಮಾರ್ಕನ ಕೊನೆಯ ಅಧ್ಯಾಯದ 9ರಿಂದ 20ರವರೆಗಿನ ವಾಕ್ಯಗಳು ನಾಲ್ಕನೆಯ ಶತಮಾನದ ಸಿನಾಯ್ ಮತ್ತು ವ್ಯಾಟಿಕನ್ ಎಂಬ ಗ್ರೀಕ್ ಹಸ್ತಪ್ರತಿಗಳಲ್ಲಿ ಇಲ್ಲ, ಅದು ಪಾಠಾಂತರ. ಯೆರಿಕೋ ಎಂಬ ಊರಿನ ಬಳಿ ಯೇಸು ಕಣ್ಣು ಕೊಟ್ಟ ಕುರುಡನ ಸಂಗತಿ ಹಾಗಲ್ಲ. ಮಾರ್ಕನಲ್ಲಿ (10:46) ಯೇಸು ಊರು ಬಿಟ್ಟು ಹೊರಡುವಾಗ ದಾರಿಯ ಪಕ್ಕದಲ್ಲಿ ಭಿಕ್ಷೆಗೆ ಕುಳಿತಿದ್ದವನು ತಿಮಾಯನ ಮಗನಾದ ಬಾರ್ತಿಮಾಯನೊಬ್ಬನೇ. ಮತ್ತಾಯನಲ್ಲಿ (20:30) ಹೊರಡುವಾಗಲೇ ಆದರೂ ಕುರುಡರು ಇಬ್ಬರು, ಇಬ್ಬರಿಗೂ ಹೆಸರಿಲ್ಲ. ಲೂಕನಲ್ಲಿ (18:35) ಕುರುಡನೇನೋ ಒಬ್ಬನೇ, ಆದರೆ ಯೇಸು ಊರನ್ನು ಇನ್ನೂ ಸಮೀಪಿಸುತ್ತಿರುವಾಗಲೇ ಅವನು ಕೂಗುತ್ತಾನೆ. ಇಲ್ಲಿ ಲಿಪಿಕಾರನ ಕೈತಪ್ಪಿಲ್ಲ, ಹೇಳಿದವರೇ ಬೇರೆ. ಇದಕ್ಕೆ ‘ನಿರೂಪಣಾಭೇದ’ ಎನ್ನಿ.

ಈ ತಲೆಬರಹಕ್ಕೆ ‘ಸಮನ್ವಯ’ವನ್ನು ಸೂಚಿಸಿದ ಹಿರಿಯರ ಬಗ್ಗೆ ಗೌರವವಿದೆ, ಆ ಸೂಚನೆಯ ಬಗ್ಗೆ ಇಲ್ಲ. ‘ತತ್ತು ಸಮನ್ವಯಾತ್’ ಎಂಬ ಬ್ರಹ್ಮಸೂತ್ರದಿಂದಲೇ ಆ ಪದವು ಎಲ್ಲ ವಾಕ್ಯಗಳ ತಾತ್ಪರ್ಯ ಒಂದೇ ಎಂಬ ತೀರ್ಪನ್ನು ಹೊತ್ತು ಬಂದಿದೆ. ಎರಡನೆಯ ಶತಮಾನದಲ್ಲಿ ಕ್ರೈಸ್ತ ಲೇಖಕ ತತಿಯಾನನು ನಾಲ್ಕು ಸುವಾರ್ತೆಗಳನ್ನೂ ಹೆಣೆದು ಒಂದೇ ಕಥೆಯಾಗಿಸಿದ್ದಕ್ಕೆ ಅದು ಒಪ್ಪೀತು. 1537ರಲ್ಲಿ ಜರ್ಮನಿಯ ದೇವತಾಶಾಸ್ತ್ರಜ್ಞ ಓಸಿಯಾಂಡರನೂ ಸಮನ್ವಯವನ್ನೇ ಮಾಡಹೊರಟು, ವಿವರಗಳು ಬೇರೆಯಾದರೆ ಘಟನೆಗಳೂ ಬೇರೆಯೇ ಎಂದು ಹಟ ಹಿಡಿದದ್ದರಿಂದ, ಯೇಸು ಸಾವಿನಿಂದ ಎಬ್ಬಿಸಿದ ಯಾಯಿರನ ಮಗಳು ಪಾಪ ಒಂದಕ್ಕಿಂತ ಹೆಚ್ಚು ಸಲ ಸತ್ತು ಬದುಕಬೇಕಾಯಿತು. ತಮ್ಮ ಕೋಷ್ಟಕವು ತೀರ್ಪು ಕೊಡುವುದಿಲ್ಲ, ತೋರಿಸುತ್ತದೆ ಅಷ್ಟೇ.

ಮೊದಲ ಮೂರು ಸುವಾರ್ತೆಗಳಿಗಿರುವ ‘ಸಿನಾಪ್ಟಿಕ್’ ಎಂಬ ಹೆಸರನ್ನು ಕನ್ನಡದಲ್ಲಿ ‘ಸಮದರ್ಶಿ’ ಎಂದವರು, ಎಲ್ಲರನ್ನೂ ಸಮನಾಗಿ ಕಾಣುವವರೆಂಬ ಅರ್ಥದ, ಗೀತೆಯ ‘ಪಂಡಿತಾಃ ಸಮದರ್ಶಿನಃ’ ಎಂಬುದನ್ನು ಮರೆತಿದ್ದಾರೆ. ಹಾಗೆಂದರೆ ಯೋಹಾನನೊಬ್ಬನೇ ಪಕ್ಷಪಾತಿಯಾಗುತ್ತಾನೆ. ಗ್ರೀಕಿನ ‘ಸಿನ್’ ನಮ್ಮ ‘ಒಡನೆ’, ‘ಓಪ್ಸಿಸ್’ ನಮ್ಮ ‘ನೋಟ’. ಒಡನಾಟ, ಒಡಹುಟ್ಟು ಎನ್ನುವ ಬಾಯಿಗೆ ‘ಒಡನೋಟ’ ಕಷ್ಟವಾಗದು. ಜರ್ಮನ್ ವಿದ್ವಾಂಸ ಗ್ರೀಸ್‌ಬಾಖ್ 1776ರಲ್ಲಿ ಪ್ರತ್ಯೇಕ ಪುಸ್ತಕವಾಗಿಯೇ ಅಚ್ಚು ಹಾಕಿಸಿದ, ಸುವಾರ್ತೆಗಳನ್ನು ಅಕ್ಕಪಕ್ಕದಲ್ಲಿಟ್ಟ ಸಾಲುಜೋಡಣೆಯಿಂದ ನೆಲೆಗೊಂಡ ಈ ಹೆಸರು ಮೂರಕ್ಕೆ ಮಾತ್ರ ಸಲ್ಲುತ್ತದೆಂಬುದನ್ನು ಮರೆಯಬೇಡಿ. ದೇವಾಲಯದಿಂದ ವ್ಯಾಪಾರಿಗಳನ್ನು ಹೊರಗಟ್ಟಿದ್ದನ್ನು ಆ ಮೂವರೂ ಕೊನೆಯ ದಿನಗಳಲ್ಲಿ ಇಟ್ಟರೆ, ಯೋಹಾನನು ಎರಡನೆಯ ಅಧ್ಯಾಯದಲ್ಲಿಯೇ, ಹಗ್ಗದ ಕೊರಡೆಯ ಸಮೇತ, ಹೇಳಿ ಮುಗಿಸಿದ್ದಾನೆ.

ನಾನು ‘ಒಡನೋಟ’ವನ್ನು ಆರಿಸಿದ್ದು ಅದು ಹೊಂದುತ್ತದೆಂದು, ಅಚ್ಚಗನ್ನಡವೆಂದಲ್ಲ. ‘ಸುವಾರ್ತೆ’ಯನ್ನೂ ಕಿತ್ತು ‘ಒಳ್ಸುದ್ದಿ’ಯನ್ನು ನೆಡಬೇಕೆಂದು ವಾದಿಸುವವರು ಸ್ವಲ್ಪ ಯೋಚಿಸಲಿ: ಗ್ರೀಕಿನ ಮೂಲಪದ ‘ಎವಂಗೆಲಿಯೊನ್’ನ ‘ಎವ್’ಗೆ ‘ಸು’, ‘ಅಂಗೆಲಿಯಾ’ಕ್ಕೆ ‘ವಾರ್ತೆ’ ಎಂದು ಆ ಪದ ಕೂಡಿಬಂದಿದೆ, ಕಥೋಲಿಕರ ‘ಶುಭಸಂದೇಶ’ವೂ ಹಾಗೆಯೇ. ಓದುಗರ ನಾಲಿಗೆಯಲ್ಲಿ ಕುಳಿತ ಪದವನ್ನು ಎಬ್ಬಿಸುವುದು ಶುದ್ಧಿಯಲ್ಲ, ಉಪದ್ರವ.

ಇನ್ನೊಂದು. ಕೋಷ್ಟಕದ ಮೊದಲ ಕಂಬಕ್ಕೆ ತಾವು ‘ಪ್ರಸಂಗ’ ಎಂದು ಬರೆದಿದ್ದೀರಿ. ಯಕ್ಷಗಾನ ಬಲ್ಲವರಿಗೆ ಅದು ಸರಿಯೇ. ಆದರೆ ‘ಪರ್ವತ ಪ್ರಸಂಗ’ವನ್ನು ಕೇಳಿ ಬೆಳೆದವರಿಗೆ ಪ್ರಸಂಗವೆಂದರೆ ಉಪದೇಶ, ಅವರು ಆ ಕಂಬದಲ್ಲಿ ಯೇಸುವಿನ ಮಾತುಗಳನ್ನು ಹುಡುಕುತ್ತಾರೆ. ‘ಘಟನೆ’ ಎಂದು ತಿದ್ದಿ, ಅಚ್ಚಿಗೆ ಕಳುಹಿಸಿ.